ಕೋರ್ಟಿನ ಆದೇಶ ಮಗುವಿನ ತನಕ

ಹೋದ ತಿಂಗಳು ಡೊಂಬಿವಲಿಯ ನಮ್ಮ ಮನೆಗೆ ಇಬ್ಬರು ಹುಡುಗಿಯರು ಬಂದಿದ್ದರು. ಮುಂಬೈಯ ವಿಧಾನಮಂಡಲದ ಕಚೇರಿಯಲ್ಲಿ ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಕೆಲಸ ಮಾಡಿದ ಸಮಿತಿ ಶಾಖೆಗೆ ಹೊಸದಾಗಿ ಸೇರಿದವರು. ಅವರಲ್ಲೊಬ್ಬಳು ಕುಂದಾಪುರದ ಕಡೆಯ ಮನೆಯವಳು, ಹುಟ್ಟಿ ಬೆಳೆದದ್ದು ಠಾಣೆಯಲ್ಲಿ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳು. ಟ್ರೇನಿಂಗಿನಲ್ಲಿ ನಿಯಮಾವಳಿ ಕಲಿಸಿದರಂತೆ, ಆದರೆ ಕೆಲಸ ನಿಜವಾಗಿ ಏನು ಅಂತ ಯಾರೂ ಹೇಳಲಿಲ್ಲವಂತೆ. ಒಂದು ಲೋಟ ಚಹಾ ಮುಗಿಯುವಷ್ಟರಲ್ಲಿ ಹೇಳುವ ವಿಷಯ ಅಲ್ಲ ಅದು. ಬರೆದು ಕೊಡುತ್ತೇನೆ ಎಂದೆ. ಕನ್ನಡದಲ್ಲಿ ಬರೆದರೆ ಅವಳ ಅಮ್ಮ ಓದಿ ಹೇಳುತ್ತಾರಂತೆ. ಆಗಲಿ, ಅಮ್ಮನಿಗೂ ಗೊತ್ತಾಗಲಿ.

ನನ್ನ ಅಪ್ಪ ಠಾಣೆಯ ನೌಪಾಡಾದ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರಾಗಿದ್ದವರು. ಮನೆಯೊಳಗೆ ತುಳು, ಬೀದಿಯಲ್ಲಿ ಮರಾಠಿ, ಅಪ್ಪ ಹಠ ಹಿಡಿದು ರಾತ್ರಿ ಶಾಲೆಯಲ್ಲಿ ಕಲಿಸಿದ ಪುಸ್ತಕದ ಕನ್ನಡ. ಶೀಘ್ರಲಿಪಿ ಪರೀಕ್ಷೆ ಪಾಸು ಮಾಡಿ ನೌಕರಿಗೆ ಸೇರಿದೆ. ಮುಂದೆ ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದು ನನ್ನ ಸೇವಾ ಪುಸ್ತಕದಲ್ಲಿದೆ, ಇಲ್ಲಿ ಬೇಡ.

ನಮ್ಮ ಸಮಿತಿಯ ಕೆಲಸವನ್ನು ಒಂದು ಮಾತಿನಲ್ಲಿ ಹೇಳಬಹುದು. ಮಂತ್ರಿಗಳು ಸದನದಲ್ಲಿ ಎದ್ದು ನಿಂತು "ಮಾಡುತ್ತೇವೆ" ಎನ್ನುತ್ತಾರೆ. ಮಾಡಿದರೋ ಇಲ್ಲವೋ ಎಂದು ನೋಡುವುದು ಸಮಿತಿಯ ಕೆಲಸ. ಸಮಿತಿಯಲ್ಲಿ ಎಲ್ಲ ಪಕ್ಷಗಳ ಶಾಸಕರಿರುತ್ತಾರೆ. ಅವರು ಬರುತ್ತಾರೆ, ಹೋಗುತ್ತಾರೆ. ಕಾಗದ ಹಿಡಿದು ಕೂತಿರುವವರು ನಾವು.

ನನಗೆ ಕಾಗದ ಓದಲು ಕಲಿಸಿದವರು ಆಗ ಶಾಖೆಯ ಮುಖ್ಯಸ್ಥರಾಗಿದ್ದ ಪೇಂಡ್ಸೆ ಸಾಹೇಬರು. ಸಣ್ಣ ಆಳು, ಎರಡೂ ಕಿವಿಯ ಹಿಂದೆ ಒಂದೊಂದು ಪೆನ್ಸಿಲು. ನಾನು ಸೇರಿದ ವಾರವೇ ಒಂದು ಇಲಾಖೆಯಿಂದ ಬಂದ ಉತ್ತರವನ್ನು ನನ್ನ ಮುಂದೆ ಇಟ್ಟರು. "ಓದು. ಕ್ರಿಯಾಪದಗಳ ಕೆಳಗೆ ಮಾತ್ರ ಗೀಟು ಎಳೆ" ಎಂದರು. ಎಳೆದೆ. 'ಸೂಚಿಸಲಾಗಿದೆ', 'ಪ್ರಸ್ತಾವಿಸಲಾಗಿದೆ', 'ಪರಿಶೀಲನೆಯಲ್ಲಿದೆ', 'ಕ್ರಮ ಕೈಗೊಳ್ಳಲಾಗುತ್ತಿದೆ'. ನಾಲ್ಕು ಪುಟ ಹೀಗೇ.

"ಇದರಲ್ಲಿ ಯಾವುದಾದರೂ ಒಂದು ಕೆಲಸ ಆಗಿದೆಯೇ?"

"ಇಲ್ಲ ಸರ್."

"ನೋಡು, ಇದೇ ನಮ್ಮ ವಿದ್ಯೆ. ಉಳಿದದ್ದು ಟೈಪಿಂಗ್" ಎಂದು ಚಹಾ ತರಿಸಿದರು.

ಆ ವಿದ್ಯೆಯಲ್ಲಿ ನಾನು ಪಳಗಿದೆ. ಇಲಾಖೆಯ ದೊಡ್ಡ ಅಧಿಕಾರಿಗಳು ಸಮಿತಿಯ ಕೋಣೆಗೆ ಬಂದಾಗ ನನ್ನ ಕಡೆ ಒಮ್ಮೆ ನೋಡಿ ನಗುವಷ್ಟು ಪಳಗಿದೆ. ಪಳಗಿದವಳೇ ಒಂದು ದೊಡ್ಡ ತಪ್ಪು ಮಾಡಿದೆ. ಅದನ್ನೇ ಹೇಳಬೇಕೆಂದು ಕೂತಿದ್ದೇನೆ.

ಕೊರೊನಾ ಮುಗಿದು ಶಾಲೆಗಳು ತೆರೆದ ಮೇಲಿನ ಮಾತು. ವಿಶೇಷ ಅಗತ್ಯದ ಮಕ್ಕಳ ಕೆಲವು ತಾಯಂದಿರು ಹೈಕೋರ್ಟಿಗೆ ಹೋಗಿದ್ದರು. ಕೋರ್ಟು ಆದೇಶ ಕೊಟ್ಟಿತ್ತು. ಅಂಥ ಮಕ್ಕಳಿಗೆ ಅವರು ಓದುವ ಸರ್ಕಾರಿ ಶಾಲೆಯಲ್ಲೇ ವಿಶೇಷ ಶಿಕ್ಷಕಿ ಸಿಗಬೇಕು, ಫಿಜಿಯೋಥೆರಪಿ ಮತ್ತು ಮಾತಿನ ಥೆರಪಿ ಸಿಗಬೇಕು, ಮನೆಯಿಂದ ಕರೆತರಲು ಗಾಡಿ ಬೇಕು, ಮೆಟ್ಟಿಲಿನ ಪಕ್ಕದಲ್ಲಿ ರ‍್ಯಾಂಪು ಬೇಕು. ಸದನದಲ್ಲಿ ಪ್ರಶ್ನೆ ಬಂದಾಗ ಮಂತ್ರಿಗಳು ಆದೇಶವನ್ನು ಅಕ್ಷರಶಃ ಜಾರಿ ಮಾಡುತ್ತೇವೆ ಎಂದರು. ಮಾತು ಕೊಟ್ಟ ತಕ್ಷಣ ವಿಷಯ ನಮ್ಮ ಸಮಿತಿಗೆ ಬಂತು.

ಆಗ ಸಮಿತಿಯ ಅಧ್ಯಕ್ಷೆ ಸುಮನ್‌ತಾಯಿ. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ಶಾಸಕಿಯಾಗುವ ಮೊದಲು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದವರು. ಸಮಿತಿಯ ಪ್ರವಾಸಗಳಲ್ಲಿ ಶಾಲು ಹೊದಿಸಲು ಬಂದವರ ಕೈಯಿಂದ ಶಾಲನ್ನು ಇಸಿದುಕೊಂಡು ಪಕ್ಕದಲ್ಲಿ ನಿಂತ ಯಾವುದಾದರೂ ಆಯಾಳ ಹೆಗಲಿಗೆ ಹಾಕಿಬಿಡುತ್ತಿದ್ದರು. ಊಟದ ಡಬ್ಬಿ ಮನೆಯಿಂದ ತರುತ್ತಿದ್ದರು. ಅದರಲ್ಲಿ ನನಗೂ ಒಂದು ಭಾಕರಿ ರೊಟ್ಟಿ ಇರುತ್ತಿತ್ತು.

ಮೊದಲ ಸಭೆಯಲ್ಲಿ ಒಬ್ಬ ಸದಸ್ಯರು ಕೇಳಿದರು: "ಕೋರ್ಟೇ ಆದೇಶ ಕೊಟ್ಟಿದೆ. ಅದರಲ್ಲಿ ನಮಗೇನು ಕೆಲಸ?"

ಸುಮನ್‌ತಾಯಿ ಹೇಳಿದರು: "ನ್ಯಾಯಮೂರ್ತಿಗಳು ಶಾಲೆಗೆ ಹೋಗಿ ಕಿಟಕಿಯಲ್ಲಿ ಇಣುಕಲು ಆಗುವುದಿಲ್ಲ. ಅವರ ಮುಂದೆ ಬರುವುದು ಕಾಗದ. ನಮಗೆ ಕಾಲಿವೆ, ನಾವು ಹೋಗಬಹುದು."

ಹಾಗೆ ನಮ್ಮ ಪ್ರವಾಸ ಠಾಣೆಯಿಂದ ಶುರುವಾಯಿತು. ಸಭಾಂಗಣದಲ್ಲಿ ಇಲಾಖೆಯವರು ಹೊಳೆಯುವ ಕಾಗದದ ಪುಸ್ತಿಕೆ ಹಂಚಿದರು. ಒಬ್ಬ ಯುವ ಅಧಿಕಾರಿ ಪರದೆಯ ಮೇಲೆ ಬಣ್ಣ ಬಣ್ಣದ ನಕ್ಷೆ ತೋರಿಸಿದರು. ಅರ್ಧ ಗಂಟೆ ಕೇಳಿದ ಮೇಲೆ ಸುಮನ್‌ತಾಯಿ ಕೈ ಎತ್ತಿ, "ಚೆನ್ನಾಗಿದೆ. ಇದರಲ್ಲಿ ಒಂದು ಮಗುವಿನ ಹೆಸರು ಹೇಳಿ" ಎಂದರು.

ಅಧಿಕಾರಿ ಪಕ್ಕದವರನ್ನು ನೋಡಿದರು. ಪಕ್ಕದವರು ಫೈಲು ನೋಡಿದರು. ಕೊನೆಗೆ, "ಮ್ಯಾಡಂ, ಫಲಾನುಭವಿ ಸಂಖ್ಯೆ ಇದೆ" ಎಂದರು.

"ಸಂಖ್ಯೆಯನ್ನು ಶಾಲೆಗೆ ಕರೆತರಲು ಗಾಡಿ ಬೇಡ. ಹೆಸರು ಹುಡುಕಿ. ನಾಳೆ ಆ ಮಗುವಿನ ಶಾಲೆಗೇ ಹೋಗೋಣ."

ಆ ಯುವ ಅಧಿಕಾರಿ ಕೆಟ್ಟವರಲ್ಲ. ಸಂಜೆಯೊಳಗೆ ಹೆಸರುಗಳ ಪಟ್ಟಿಯನ್ನು ತಾವೇ ಕೂತು ಬರೆದು ತಂದರು. ಮುಂದಿನ ಎಲ್ಲ ಸಭೆಗಳಲ್ಲೂ ಅವರ ಕೈಯಲ್ಲಿ ಆ ಪಟ್ಟಿ ಇರುತ್ತಿತ್ತು.

ರ‍್ಯಾಂಪಿನ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಮರೆತುಹೋದೀತು. ಡೊಂಬಿವಲಿಯ ಆಸುಪಾಸಿನ ಒಂದು ಶಾಲೆ, ಹೆಸರು ಬೇಡ. ಹೊಸ ರ‍್ಯಾಂಪು ಕಟ್ಟಿಸಿ ಬಣ್ಣ ಬಳಿದಿದ್ದರು. ನೋಡಿದರೆ ಜಾರುಬಂಡಿಯಷ್ಟು ಕಡಿದು. ಎಂಜಿನಿಯರು ಅಳತೆ ಸರಿಯಾಗಿದೆ ಎಂದು ವಾದಿಸುತ್ತಿದ್ದರು. ಸುಮನ್‌ತಾಯಿ ಗಾಲಿಕುರ್ಚಿ ತರಿಸಿ, ಸೀರೆಯ ಸೆರಗು ಸಿಕ್ಕಿಸಿಕೊಂಡು ಅದರಲ್ಲಿ ಕೂತುಬಿಟ್ಟರು. ವಿರೋಧ ಪಕ್ಷದ ಒಬ್ಬ ಶಾಸಕರಿದ್ದರು, ಕುಸ್ತಿ ಮಾಡಿದ ಮೈ. "ಅಣ್ಣಾ, ತಳ್ಳಿ" ಎಂದು ಅವರಿಗೆ ಹೇಳಿದರು. ಅರ್ಧ ದಾರಿಯಲ್ಲಿ ಆ ಪೈಲ್ವಾನರು ಏದುಸಿರು ಬಿಡುತ್ತ ನಿಂತರು. ಕುರ್ಚಿ ಹಿಂದಕ್ಕೆ ಜಾರತೊಡಗಿತು. ನಾನು, ಡ್ರೈವರು, ಹೆಡ್‌ಮಾಸ್ತರು ಎಲ್ಲ ಸೇರಿ ಹಿಡಿದೆವು. ಸುಮನ್‌ತಾಯಿ ಕುರ್ಚಿಯಲ್ಲಿ ಕೂತೇ ಎಂಜಿನಿಯರನ್ನು ಕೇಳಿದರು: "ಈಗ ಹೇಳಿ, ಅಳತೆ ಯಾವುದು ಸರಿ?" ರ‍್ಯಾಂಪನ್ನು ಒಡೆದು ಉದ್ದ ಮಾಡಿ ಕಟ್ಟಿಸಿದರು. ಆ ಎಂಜಿನಿಯರು ಆಮೇಲೆ ತಮ್ಮ ಎಲ್ಲ ರ‍್ಯಾಂಪುಗಳ ಮೇಲೂ ಗಾಲಿಕುರ್ಚಿ ತಳ್ಳಿ ನೋಡಿದ ಮೇಲೆಯೇ ಸಹಿ ಹಾಕುತ್ತಿದ್ದರಂತೆ.

ಇನ್ನು ನನ್ನ ತಪ್ಪು.

ಕಲ್ಯಾಣದ ಅಂಚಿನಲ್ಲಿ, ಹೊಸ ಕಟ್ಟಡಗಳು ಏಳುತ್ತಿದ್ದ ಜಾಗದಲ್ಲಿ ಒಂದು ಮರಾಠಿ ಶಾಲೆ. ಅಲ್ಲಿ ಮೂರನೇ ತರಗತಿಯಲ್ಲಿ, ಆ ಪಟ್ಟಿಯಲ್ಲಿದ್ದ ಭಾಗ್ಯಶ್ರೀ ಎಂಬ ಒಂಬತ್ತು ವರ್ಷದ ಹುಡುಗಿ. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಕೈಕಾಲು ಸ್ವಾಧೀನದಲ್ಲಿರಲಿಲ್ಲ, ಮಾತು ಹೊರಡುತ್ತಿರಲಿಲ್ಲ. ಆದರೆ ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು, ಕೋಣೆಯಲ್ಲಿ ನಡೆಯುವುದೊಂದನ್ನೂ ಆ ಹುಡುಗಿ ಬಿಡುವುದಿಲ್ಲ. ತಾಯಿ ಮಹಾದೇವಿ, ಕಲಬುರಗಿ ಕಡೆಯವಳು. ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುವವರು. ಮಗಳನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ತಂದು ಬಿಟ್ಟು, ಮಧ್ಯಾಹ್ನ ಮತ್ತೆ ಹೊತ್ತುಕೊಂಡು ಹೋಗುತ್ತಿದ್ದಳು. ಆ ಶಾಲೆಯ ವಿಶೇಷ ಶಿಕ್ಷಕಿ ಜ್ಯೋತಿ, ಮೂವತ್ತರೊಳಗಿನ ಮರಾಠಿ ಹುಡುಗಿ. ಬೇರೆ ಬೇರೆ ಶಾಲೆಗಳನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಒಂದು ಕಡೆ ಪಾಠ ಮುಗಿಸಿ ಲೋಕಲ್ ಹಿಡಿದು ಇನ್ನೊಂದು ಕಡೆಗೆ ಓಡುವುದು. ನಾವು ಹೋದ ದಿನ ಅವಳು ಬೇರೆ ಶಾಲೆಯಲ್ಲಿದ್ದಳು.

ಹೆಡ್‌ಮಾಸ್ತರು ಥೆರಪಿಯ ರಿಜಿಸ್ಟರು ತೋರಿಸಿದರು. ಪ್ರತಿ ವಾರ ಥೆರಪಿ ಕೊಡಲಾಗಿದೆ, ಪಕ್ಕದಲ್ಲಿ ತಾಯಿಯ ಸಹಿ. ಮಹಾದೇವಿಯನ್ನು ಕರೆಸಿದರು. ಮರಾಠಿ ಅವಳಿಗೆ ಅಷ್ಟಕ್ಕಷ್ಟೆ. ಸುಮನ್‌ತಾಯಿ ನನ್ನ ಕಡೆ ತಿರುಗಿ, "ವಾಣೀ, ನಿಮ್ಮ ಭಾಷೆಯವಳಲ್ಲವೇ? ಕೇಳು, ಶಾಲೆಯಲ್ಲಿ ಮಗಳಿಗೆ ಸಿಗುತ್ತಿರುವುದು ಸಾಕಾ?" ಎಂದರು.

ನಾನು ಕೇಳಿದೆ: "ಅಮ್ಮಾ, ಇಲ್ಲಿ ಮಗಳಿಗೆ ಸಿಗುವುದೆಲ್ಲ ಸಾಕಾಗ್ತದಾ?"

ಮಹಾದೇವಿ ಹೆಡ್‌ಮಾಸ್ತರರ ಕಡೆ ಒಮ್ಮೆ ನೋಡಿದಳು. ಆಮೇಲೆ ನೆಲ ನೋಡುತ್ತ, "ಸಾಕಾಗೇದರೀ ಅಕ್ಕಾರ" ಎಂದಳು.

ನಾನು ಸುಮನ್‌ತಾಯಿಗೆ ಮರಾಠಿಯಲ್ಲಿ "ಪುರೇಸಂ ಆಹೆ ಮ್ಹಣತಾತ್" ಎಂದೆ. ಸಾಕಷ್ಟು ಸಿಗುತ್ತಿದೆ ಎನ್ನುತ್ತಾಳೆ, ಎಂದರ್ಥ. ನೋಟ್‌ಬುಕ್ಕಿನಲ್ಲಿ 'ಪಾಲಕರು ತೃಪ್ತರಾಗಿದ್ದಾರೆ' ಎಂದು ಬರೆದುಕೊಂಡೆ. ಸುಮನ್‌ತಾಯಿ ಕ್ಷಣ ಅನುಮಾನದಿಂದ ಮಹಾದೇವಿಯನ್ನು ನೋಡಿದರು, ಆದರೆ ನನ್ನ ಮಾತಿನ ಮೇಲೆ ನಂಬಿಕೆ ಇಟ್ಟು ಮುಂದೆ ನಡೆದರು.

ಎರಡು ವಾರ ಕಳೆದಿರಬೇಕು. ಕಲ್ಯಾಣದ ಭೇಟಿಯ ವರದಿಯ ಕರಡು ಸಿದ್ಧವಾಗಿತ್ತು. ಆದೇಶ ಜಾರಿಯಾಗಿರುವ ಉದಾಹರಣೆಗಳಲ್ಲಿ ಭಾಗ್ಯಶ್ರೀಯ ಶಾಲೆಯ ಹೆಸರೂ ಇತ್ತು. ಅದು ಸದನದ ಮುಂದೆ ಬಂದರೆ ಇಲಾಖೆಯವರು ಅದನ್ನೇ ಕೋರ್ಟಿಗೆ ತೋರಿಸಿ, ಆದೇಶ ಪಾಲಿಸಿದ್ದೇವೆ, ಪ್ರಕರಣ ಮುಗಿಸಿ ಎನ್ನಬಹುದಾಗಿತ್ತು. ಒಂದು ಸಂಜೆ ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ಕಾಲೂರಲು ಜಾಗವಿಲ್ಲದೆ ನಿಂತು ಮನೆಗೆ ಬರುತ್ತಿದ್ದೆ. ಪಕ್ಕದಲ್ಲಿ ಒಬ್ಬ ಹೆಂಗಸು ಫೋನಿನಲ್ಲಿ ಮಾತಾಡುತ್ತಿದ್ದಳು, ಉತ್ತರ ಕರ್ನಾಟಕದ ಕನ್ನಡ. ಊರಲ್ಲಿರುವ ತಾಯಿಯ ಜತೆ ಇರಬೇಕು. "ಇಲ್ಲಬೇ, ನನಗ ಈ ಊರು ಸಾಕಾಗೇದ. ಸಾಕಾಗೇದಬೇ" ಎಂದವಳೇ ಗಳಗಳ ಅತ್ತುಬಿಟ್ಟಳು.

ಠಾಣೆ ದಾಟಿ ಮುಂಬ್ರಾ ಬರುವ ಹೊತ್ತು. ನನಗೆ ಮಹಾದೇವಿಯ ಮಾತು ನೆನಪಾಯಿತು. ನಾನು ಅವಳನ್ನು 'ಸಾಕಾಗುತ್ತದಾ' ಎಂದು ಕೇಳಿದ್ದೆ. ಅವಳು ನನ್ನ ಪ್ರಶ್ನೆಗೆ ಉತ್ತರ ಕೊಟ್ಟಿರಲಿಲ್ಲ. ತನ್ನ ಬದುಕು ಹೇಗಿದೆ ಎಂದು ಹೇಳಿದ್ದಳು. 'ರೋಸಿಹೋಗಿದ್ದೇನೆ' ಎಂದದ್ದನ್ನು ನಾನು 'ತೃಪ್ತಿಯಾಗಿದೆ' ಎಂದು ಬರೆದಿದ್ದೆ. ಆ ಮಾತಿಗೆ ನಮ್ಮಲ್ಲೂ ಈ ಅರ್ಥ ಇದೆ, ನನಗೆ ಗೊತ್ತಿಲ್ಲವೆಂದಲ್ಲ. ಕೇಳುವಾಗ ನನ್ನ ಗಮನ ರಿಜಿಸ್ಟರಿನ ಮೇಲಿತ್ತು, ಆ ಹೆಂಗಸಿನ ಮುಖದ ಮೇಲೆ ಇರಲಿಲ್ಲ.

ಮರುದಿನ ಕಚೇರಿಗೆ ಹೋದವಳೇ ಭೇಟಿಯ ಧ್ವನಿಮುದ್ರಣ ಹಾಕಿಸಿ ಕೇಳಿದೆ. ನಾಲ್ಕು ಸಲ ಕೇಳಿದೆ. ದಣಿದ ದನಿ. ಅದರಲ್ಲಿ ತೃಪ್ತಿ ಎಲ್ಲಿಯೂ ಇರಲಿಲ್ಲ.

ಪೇಂಡ್ಸೆ ಸಾಹೇಬರು ಆಗ ನಿವೃತ್ತರಾಗಿ ಮನೆಯಲ್ಲಿದ್ದರು. ಫೋನ್ ಮಾಡಿದೆ. ಎಲ್ಲ ಕೇಳಿ ಅವರು ಎರಡೇ ಮಾತು ಹೇಳಿದರು: "ಇವತ್ತೇ ಬರೆದು ಕೊಡು. ನಾಳೆ ಬರೆದರೆ ಕಾರಣ ಸೇರಿಸುತ್ತೀ."

ಅರ್ಧ ಪುಟದ ಟಿಪ್ಪಣಿ ಬರೆದೆ. ಸುಮನ್‌ತಾಯಿಯ ಮುಂದೆ ಇಟ್ಟು ನಿಂತೆ. ಇಷ್ಟು ವರ್ಷದ ಹೆಸರು ಹೋಯಿತು ಎಂದುಕೊಂಡಿದ್ದೆ. ಅವರು ಓದಿ ಕನ್ನಡಕ ತೆಗೆದರು.

"ಕೂತುಕೋ ವಾಣೀ. ತಪ್ಪು ನಿನ್ನದೊಂದೇ ಅಲ್ಲ. ಹೆಡ್‌ಮಾಸ್ತರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಒಬ್ಬ ತಾಯಿಗೆ ಪ್ರಶ್ನೆ ಕೇಳಿದವಳು ನಾನು. ಟೀಚರಾಗಿದ್ದವಳು ನಾನು, ನನಗೆ ಬುದ್ಧಿ ಬೇಡವೇ?" ಟಿಪ್ಪಣಿಯನ್ನು ಫೈಲಿನಲ್ಲಿಟ್ಟು, "ಕರಡು ಸದ್ಯ ಮುಂದೆ ಹೋಗುವುದು ಬೇಡ. ಮೊದಲು ಅವಳನ್ನು ಹುಡುಕೋಣ. ಈ ಸಲ ಯಾವ ಅಧಿಕಾರಿಯೂ ಬೇಡ" ಎಂದರು.

ಮುಂದಿನ ಸಮಿತಿ ಸಭೆಯಲ್ಲಿ ನನ್ನ ಟಿಪ್ಪಣಿಯನ್ನು ನನ್ನಿಂದಲೇ ಓದಿಸಿದರು. ಅದು ಶಿಕ್ಷೆಯಾಗಿರಲಿಲ್ಲ. ಓದಿ ಮುಗಿಸಿದಾಗ, "ನಮ್ಮ ಕಚೇರಿಯಲ್ಲಿ ತಪ್ಪನ್ನು ತಾವಾಗಿ ಹೇಳುವವರಿದ್ದಾರೆ ಎಂದು ದಾಖಲಾಗಲಿ" ಎಂದರು. ಆ ಪೈಲ್ವಾನ ಶಾಸಕರು ಮೆಚ್ಚಿ ಮೇಜು ಕುಟ್ಟಿದರು. ನಾನು ಹೊರಗೆ ಬಂದು ವರಾಂಡದಲ್ಲಿ ಅತ್ತೆ.

ಹುಡುಕಿಕೊಂಡು ಹೋದರೆ ಮಹಾದೇವಿ ಕಲ್ಯಾಣದಲ್ಲಿ ಇರಲಿಲ್ಲ. ಅಲ್ಲಿನ ಕಟ್ಟಡ ಮುಗಿದಿತ್ತು, ಗುತ್ತಿಗೆದಾರ ಕೂಲಿಗಳನ್ನೆಲ್ಲ ಬೇರೆ ಕಡೆ ಸಾಗಿಸಿದ್ದ. ಎಲ್ಲಿಗೆ ಎಂದು ಹೆಡ್‌ಮಾಸ್ತರರಿಗೆ ಗೊತ್ತಿರಲಿಲ್ಲ. ರಿಜಿಸ್ಟರಿನಲ್ಲಿ 'ಶಾಲೆ ಬಿಟ್ಟಿದ್ದಾಳೆ' ಎಂದಿತ್ತು. ನಾನು ಗೇಟಿನ ಹೊರಗೆ ನಿಂತಿದ್ದಾಗ ಜ್ಯೋತಿ ಹಿಂದಿನಿಂದ ಓಡಿ ಬಂದಳು.

"ಮ್ಯಾಡಂ, ಅವರು ಖಾರಘರದಲ್ಲಿದ್ದಾರೆ. ನಾನು ಪ್ರತಿ ಭಾನುವಾರ ಹೋಗುತ್ತೇನೆ. ಇಲ್ಲಿ ಯಾರಿಗೂ ಹೇಳಬೇಡಿ, ನನ್ನ ಶಾಲೆಯ ಪಟ್ಟಿಯಲ್ಲಿ ಆ ಮಗು ಈಗ ಇಲ್ಲ."

"ಭಾನುವಾರ ರಜೆ ಅಲ್ಲವೇ ನಿನಗೆ?"

"ಈಗ ತಾನೇ ಅಕ್ಷರ ಗುರುತಿಸಲು ಶುರು ಮಾಡಿದ್ದಾಳೆ ಮ್ಯಾಡಂ. ಬಿಟ್ಟರೆ ಮರೆತುಬಿಡುತ್ತಾಳೆ" ಎಂದಳು.

ಕಲ್ಯಾಣದಿಂದ ಠಾಣೆ, ಠಾಣೆಯಲ್ಲಿ ಗಾಡಿ ಬದಲಿಸಿ ಪನವೇಲ್ ಲೋಕಲ್, ಖಾರಘರದಲ್ಲಿ ಇಳಿದು ಶೇರ್ ಆಟೊ. ಆ ಭಾನುವಾರ ನಾನೂ ಸುಮನ್‌ತಾಯಿಯೂ ಜ್ಯೋತಿಯ ಜತೆ ಅದೇ ದಾರಿಯಲ್ಲಿ ಹೋದೆವು. ಕಾರು ಬೇಡ ಎಂದರು ಸುಮನ್‌ತಾಯಿ. ರೈಲಿನಲ್ಲಿ ಜ್ಯೋತಿಯ ಪಕ್ಕ ಕೂತು, ಆ ಹುಡುಗಿಗೆ ಹೇಗೆ ಕಲಿಸುತ್ತೀ, ಯಾವಾಗ ದಣಿಯುತ್ತಾಳೆ, ಏನು ಮಾಡಿದರೆ ನಗುತ್ತಾಳೆ ಎಂದು ಕೇಳುತ್ತಲೇ ಇದ್ದರು. ಇಬ್ಬರು ಟೀಚರುಗಳ ಮಾತು. ನಾನು ಕೇಳುತ್ತ ಕೂತೆ.

ಗುಡ್ಡದ ಕೆಳಗೆ ಎತ್ತರದ ಟವರುಗಳು ಏಳುತ್ತಿದ್ದವು. ಅವುಗಳ ಬುಡದಲ್ಲಿ ತಗಡಿನ ಸಾಲು ಮನೆಗಳು. ಮಹಾದೇವಿ ಬಟ್ಟೆ ಒಗೆಯುತ್ತಿದ್ದವಳು ಕೈ ಒರೆಸಿಕೊಂಡು ಎದ್ದಳು. ನನ್ನ ಗುರುತು ಸಿಕ್ಕಿತು.

ನಾನು ಮೊದಲು ಕ್ಷಮೆ ಕೇಳಿದೆ. ಏನು ಬರೆದಿದ್ದೆ ಎಂದು ಹೇಳಿದೆ. ಅವಳು ಬೆರಗಾಗಿ ನನ್ನನ್ನೇ ನೋಡಿದಳು.

"ನಾ ಯಾವಾಗ ಚಂದ ಅದ ಅಂದಿನ್ರೀ ಅಕ್ಕಾರ? ಕೂಸಿನ್ನ ಬೆನ್ನ ಮ್ಯಾಲ ಹೊತ್ತು ಹೊತ್ತು ಸಾಕಾಗೇದ ಅಂದೆ. ನಾಳಿ ಬಾ, ನಾಡದ ಬಾ ಅಂತಾರ, ತಿರಗಿ ತಿರಗಿ ಸಾಕಾಗೇದ ಅಂದೆ. ಥೆರಪಿ ಮಾಡೋರು ಬಂದಿದ್ದು ಎರಡೇ ಸಲ ನೋಡ್ರಿ. ಆಮ್ಯಾಲ ಸಾಲಿಯವ್ರು ಬುಕ್ಕಿನ್ಯಾಗ ಬರೇ ಸಹಿ ಹಾಕಿಸ್ಕೊಂಡ ಹೋಗೋರು. ಹಾಕಲಿಲ್ಲಂದ್ರ ಮಗಳ ಹೆಸರ ತೆಗೀತಾರಂತ ಅಂಜಿ ಹಾಕ್ತಿದ್ದೆ."

"ಇಲ್ಲಿ ಶಾಲೆಗೆ ಸೇರಿಸಲಿಲ್ಲವಾ?"

"ಹೋಗಿದ್ನೆರಿ. ಮತ್ತ ಡಾಕ್ಟರ ಸರ್ಟಿಫಿಕೇಟ್ ತಾ ಅಂದ್ರು, ಹಳೇ ಸಾಲಿ ಫೈಲ್ ತಾ ಅಂದ್ರು. ಹಳೇ ಸಾಲ್ಯಾಗ ಕೇಳಿದ್ರ ಕೊಡಾಂಗಿಲ್ಲ ಅಂದ್ರು. ನಮ್ಮದು ಹೆಂಗ್ರೀ, ಆರು ತಿಂಗಳಿಗೊಂದು ಊರು. ಬಿಲ್ಡಿಂಗ್ ಮುಗದ್ರ ನಾವು ಹೋಗ್ತೀವಿ. ಆ ಕಾಗದ ಮಾತ್ರ ಎಲ್ಲಿ ಹುಟ್ಟೇದ ಅಲ್ಲೇ ಕುಂದ್ರತದ."

ಅವಳ ಮಾತನ್ನು ನಾನು ಒಂದೊಂದೇ ವಾಕ್ಯವಾಗಿ ಸುಮನ್‌ತಾಯಿಗೆ ಹೇಳಿದೆ. ಪ್ರತಿ ವಾಕ್ಯಕ್ಕೂ ಮಹಾದೇವಿಯನ್ನು, "ನೀವು ಹೇಳಿದ್ದು ಹೀಗೇ ಅಲ್ಲವಾ?" ಎಂದು ಕೇಳಿ ಮುಂದುವರಿದೆ. ಅವಳಿಗೆ ನಗು ಬಂತು. "ಹೌದ್ರೀ, ಹಂಗೇ. ಈ ಸಲ ಬರೋಬರ್ ಅದ" ಎಂದಳು.

ಸುಮನ್‌ತಾಯಿ ಕೇಳಿದರು: "ಇದನ್ನೇ ಮುಂಬೈಗೆ ಬಂದು ಸಮಿತಿಯ ಮುಂದೆ ಹೇಳುತ್ತೀರಾ? ಹೆದರಿಕೆಯಾದರೆ ಬೇಡ."

ಮಹಾದೇವಿ ಮಗಳ ಕಡೆ ನೋಡಿದಳು. ಭಾಗ್ಯಶ್ರೀ ಗೋಡೆಗೆ ಒರಗಿ ನಮ್ಮ ಮಾತನ್ನೇ ಕೇಳುತ್ತಿದ್ದಳು. "ನನ್ನ ಮಗಳನ್ನೂ ಕರಕೊಂಡ ಬರ್ತೀನಿ. ಆಕಿ ಮುಂದ ಹೇಳ್ತೀನಿ" ಎಂದಳು.

ಆ ಸಾಕ್ಷ್ಯದ ದಿನವನ್ನು ನಾನು ಮರೆಯುವುದಿಲ್ಲ. ಇಲಾಖೆಯ ಕಾರ್ಯದರ್ಶಿ, ಅವರ ಹಿಂದೆ ಎರಡು ಸಾಲು ಅಧಿಕಾರಿಗಳು. ಎದುರಿಗೆ ಇಳಕಲ್ ಸೀರೆ ಉಟ್ಟ ಮಹಾದೇವಿ, ಮಡಿಲಲ್ಲಿ ಮಗಳು. ಅವಳಿಗೆ ನೀರು ತಂದು ಕೊಟ್ಟವರು ಆ ಪೈಲ್ವಾನ ಶಾಸಕರು. ಅವಳು ಎಲ್ಲ ಹೇಳಿದಳು. ದನಿ ಏರಿಸಲಿಲ್ಲ. ಯಾರನ್ನೂ ಬೈಯಲಿಲ್ಲ. ಥೆರಪಿಸ್ಟ್ ಬಗ್ಗೆ ಕೇಳಿದಾಗ, "ಆ ಹೆಣಮಗಳೂ ಒಬ್ಬಾಕಿನೇ ರೀ. ಎಷ್ಟ ಸಾಲಿಗಂತ ಓಡಾಡ್ಯಾಳ? ಇನ್ನೊಬ್ಬರನ್ನ ಕೊಡ್ರಿ ಆಕಿಗಿ" ಎಂದಳು. ಅದನ್ನು ಒಂದಕ್ಷರ ಬಿಡದೆ ಮರಾಠಿಗೆ ತಂದೆ.

ಕಾರ್ಯದರ್ಶಿಗಳ ಮುಂದೆ ಉತ್ತರದ ಕಾಗದ ಸಿದ್ಧವಿತ್ತು. ಅವರು ಅದನ್ನು ಓದಲಿಲ್ಲ. ಮಗುಚಿ ಇಟ್ಟು, "ಆ ರಿಜಿಸ್ಟರನ್ನು ನಾನು ನಂಬಿದ್ದೆ. ಕೋರ್ಟಿಗೂ ಅದನ್ನೇ ಹೇಳಿದ್ದೆ. ಸರಿಪಡಿಸಿ ಮತ್ತೆ ಹೇಳುತ್ತೇನೆ" ಎಂದರು. ಇಷ್ಟು ವರ್ಷಗಳಲ್ಲಿ ಸಾಕ್ಷಿಯ ಕುರ್ಚಿಯಲ್ಲಿ ಕೂತ ಹಿರಿಯ ಅಧಿಕಾರಿಯೊಬ್ಬರ ಬಾಯಲ್ಲಿ ಅಂಥ ನೇರ ಕ್ರಿಯಾಪದಗಳನ್ನು ನಾನು ಕೇಳಿದ್ದು ಅಪರೂಪ. ಹೇಳಿದಂತೆ ಮಾಡಿದರು ಕೂಡ. ಕೋರ್ಟಿನಲ್ಲಿ ಪ್ರಕರಣ ಮುಗಿಯಲಿಲ್ಲ, ನಿಗಾ ಮುಂದುವರಿಯಿತು.

ನಮ್ಮ ವರದಿಯಲ್ಲಿ ನಾಲ್ಕು ಮುಖ್ಯ ಶಿಫಾರಸುಗಳಿದ್ದವು. ಮಗು ಊರು ಬದಲಿಸಿದರೆ ಅದರ ಫೈಲು ಹಿಂದೆಯೇ ಹೋಗಬೇಕು, ಹೊಸ ಶಾಲೆ ಮೊದಲ ದಿನದಿಂದಲೇ ಸೇವೆ ಕೊಡಬೇಕು. ಥೆರಪಿಸ್ಟ್ ಬಂದ ದಿನ ಏನು ಮಾಡಿಸಿದರು ಎಂದು ಬರೆಯಬೇಕು, ಬರಿಯ ಸಹಿ ನಡೆಯದು. ತಾಯಿತಂದೆಯರ ಮಾತನ್ನು ಅವರ ಭಾಷೆ ಬಲ್ಲವರು ಬರೆದುಕೊಂಡು, ಅವರಿಗೇ ಓದಿ ಹೇಳಿ ಒಪ್ಪಿಗೆ ಪಡೆಯಬೇಕು. ಥೆರಪಿಸ್ಟರನ್ನು ಹೆಚ್ಚಿಸಬೇಕು. ಮೂರನೆಯದನ್ನು ಬರೆದವಳು ನಾನು. ಸುಮನ್‌ತಾಯಿ ಒಂದಕ್ಷರ ತಿದ್ದಲಿಲ್ಲ. ವರದಿ ಸದನದ ಮುಂದೆ ಬಂದ ದಿನ ಯಾವುದೋ ಗದ್ದಲ. ಮಂಡಿಸಲು ಒಂದು ನಿಮಿಷವೂ ಹಿಡಿಯಲಿಲ್ಲ. ಪತ್ರಿಕೆಗಳಲ್ಲಿ ಒಂದು ಸಾಲೂ ಬರಲಿಲ್ಲ. ಹುಡುಗಿಯರೇ, ನೀವು ಇದಕ್ಕೆಲ್ಲ ತಯಾರಾಗಿರಬೇಕು. ಭಾಗ್ಯಶ್ರೀಯ ಫೈಲು ಮಾತ್ರ ಕಲ್ಯಾಣದ ಕಪಾಟಿನಿಂದ ಹೊರಟು ಖಾರಘರ ತಲುಪಿತು. ಜ್ಯೋತಿಯನ್ನು ಆ ಕಡೆಯ ಶಾಲೆಗಳಿಗೇ ವರ್ಗ ಮಾಡಿದರು. ಅವಳ ಭಾನುವಾರಗಳು ಅವಳಿಗೆ ವಾಪಸು ಸಿಕ್ಕವು.

ಶಿಫಾರಸುಗಳು ಜಾರಿಯಾದವೇ ಎಂದು ನೋಡಲು ಮರುವರ್ಷ ಸಮಿತಿ ಖಾರಘರಕ್ಕೆ ಹೋಯಿತು. ನಿವೃತ್ತಿಗೆ ಮೊದಲಿನ ನನ್ನ ಕೊನೆಯ ಪ್ರವಾಸ. ಟವರುಗಳ ಕೆಲಸ ಇನ್ನೂ ಮುಗಿದಿರಲಿಲ್ಲ, ಮಹಾದೇವಿಯ ಮನೆಯವರು ಅಲ್ಲೇ ಇದ್ದರು. ತರಗತಿಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋದೆವು. ಭಾಗ್ಯಶ್ರೀ ತನ್ನ ಅಳತೆಗೆ ಮಾಡಿಸಿದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಮುಂದಿನ ಹಲಗೆಯ ಮೇಲೆ ಚಿತ್ರಗಳನ್ನು ಅಂಟಿಸಿದ ರಟ್ಟು. ನೀರು, ನೋವು, ಅವ್ವ, ಟೀಚರು, ಪುಸ್ತಕ, ಈಗ, ಆಮೇಲೆ, ಒಳಗೆ, ಹೊರಗೆ. ಮಾತಿನ ಥೆರಪಿಸ್ಟ್ ಮತ್ತು ಜ್ಯೋತಿ ಸೇರಿ ಮಾಡಿದ್ದು. ಬೆರಳು ಮಡಚಿದ ಕೈಯನ್ನು ನಿಧಾನವಾಗಿ ಎಳೆದು ಚಿತ್ರದ ಮೇಲೆ ಇಟ್ಟರೆ ಅದೇ ಅವಳ ಮಾತು.

ಶಾಸಕರೆಲ್ಲ ಸುತ್ತ ಕೂತರು. ಪ್ರಶ್ನೆಗಳು ಶುರುವಾದವು. ಗಾಡಿ ಸಮಯಕ್ಕೆ ಬರುತ್ತದೆಯೇ, ಥೆರಪಿ ವಾರಕ್ಕೆ ಎಷ್ಟು ಸಲ, ರಿಜಿಸ್ಟರು ಎಲ್ಲಿ. ಜ್ಯೋತಿ ಉತ್ತರ ಕೊಡುತ್ತಲೇ ಇದ್ದಳು. ನಾನು ಬರೆದುಕೊಳ್ಳುತ್ತಲೇ ಇದ್ದೆ. ಅರ್ಧ ಗಂಟೆಯ ಮೇಲಾಯಿತು. ಆಗ ಸುಮನ್‌ತಾಯಿ, "ನಿಲ್ಲಿ, ನಾವು ಎಲ್ಲರನ್ನೂ ಕೇಳಿದೆವು, ಇವಳನ್ನು ಕೇಳಲೇ ಇಲ್ಲ" ಎಂದು ಕುರ್ಚಿಯ ಪಕ್ಕ ಮೊಣಕಾಲೂರಿ ಕೂತರು.

"ಭಾಗ್ಯಾ, ಸಮಿತಿಗೆ ನೀನು ಏನಾದರೂ ಹೇಳಬೇಕಾ?"

ಭಾಗ್ಯಶ್ರೀ ನಮ್ಮನ್ನೆಲ್ಲ ಒಂದು ಸುತ್ತು ನೋಡಿದಳು. ಕೈ ರಟ್ಟಿನ ಮೇಲೆ ಸರಿಯಿತು. ಟೀಚರು. ಅಲ್ಲಿಂದ ಪುಸ್ತಕ. ಅಲ್ಲಿಂದ, ತುಸು ಹೊತ್ತು ಹಿಡಿದು, ಈಗ. ಆಮೇಲೆ ಸುಮನ್‌ತಾಯಿಯ ಮುಖವನ್ನೇ ನೇರವಾಗಿ ನೋಡುತ್ತ ಕೈಯನ್ನು ಕೊನೆಯ ಚಿತ್ರದ ತನಕ ಎಳೆದು ಗಟ್ಟಿಯಾಗಿ ಒತ್ತಿದಳು. ಹೊರಗೆ.

ಜ್ಯೋತಿಯ ಮುಖ ಕೆಂಪಾಯಿತು. "ತಾಯಿ, ತಪ್ಪು ತಿಳಿಯಬೇಡಿ. ಇದು ಅವಳ ಪಾಠದ ಹೊತ್ತು" ಎಂದು ತಡವರಿಸಿದಳು.

ಸುಮನ್‌ತಾಯಿ ಬಿದ್ದು ಬಿದ್ದು ನಕ್ಕರು. ಕಣ್ಣೊರೆಸಿಕೊಂಡು ಎದ್ದು, ಸದಸ್ಯರಿಗೆಲ್ಲ ಏಳುವಂತೆ ಕೈ ಮಾಡಿದರು. "ವಾಣೀ, ನಡಾವಳಿಯಲ್ಲಿ ಬರೆದುಕೋ" ಎಂದರು. ನಾನು ನಿಂತಲ್ಲೇ ಬರೆದೆ: 'ಸಾಕ್ಷಿಯ ಸೂಚನೆಯಂತೆ ಸಮಿತಿಯ ಸಭೆ ಮುಕ್ತಾಯವಾಯಿತು.' ಬರೆದದ್ದನ್ನು ಭಾಗ್ಯಶ್ರೀಗೆ ಓದಿ ಹೇಳಿದೆ, ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ. ಅವಳು ಒಪ್ಪಿದಂತೆ ತಲೆಯಾಡಿಸಿದಳು. ಹೊರಗೆ ವರಾಂಡದಲ್ಲಿ ಶಾಸಕರು ತಮ್ಮ ತಮ್ಮ ಚಪ್ಪಲಿ ಹುಡುಕುತ್ತಿದ್ದಾಗ ಒಳಗೆ ಪಾಠ ಶುರುವಾಗಿತ್ತು.